ದೂರದ ಟರ್ಮಿನಲ್‌ನಿಂದ ಬೀಪ್: ಶಬ್ದ ಅಲ್ಲಿಯ ಗಣಕದಲ್ಲೇ ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ನೋಡಿಕೊಳ್ಳುತ್ತಿರುವ ಕೊಠಡಿಯೊಂದರಲ್ಲಿ ಹೊರನೋಟಕ್ಕೆ ಒಂದೇ ತೆರನಾದ ಹಲವು ಗಣಕಗಳು ಸಾಲಾಗಿ ಇವೆ. ಯಾವುದಕ್ಕೂ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಎಲ್ಲದರಲ್ಲೂ ಡೆಬಿಯನ್ ಲಿನಕ್ಸ್ ಇದ್ದು, ಕೆಲಸವೆಲ್ಲ ಎಸ್‌ಎಸ್‌ಎಚ್ (ಜಾಲದ ಮೂಲಕ ದೂರದ ಗಣಕಕ್ಕೆ ಲಾಗಿನ್ ಆಗುವ ವಿಧಾನ) ಮೂಲಕವೇ ನಡೆಯುತ್ತದೆ. ಪೆಟ್ಟಿಗೆಗಳ ಮೇಲೆ ಅಂಟಿಸಿದ್ದ ಚೀಟಿಗಳು ಒಂದೊಂದಾಗಿ ಉದುರಿಹೋಗಿರುವುದರಿಂದ ಯಾವ ಐಪಿ ವಿಳಾಸ ಯಾವ ಪೆಟ್ಟಿಗೆಯದು ಎಂದು ಹೇಳಲಾಗುತ್ತಿಲ್ಲ. ಈಗ ಅವುಗಳಲ್ಲಿ ಒಂದರ ಹಾರ್ಡ್ ಡಿಸ್ಕ್ ಬದಲಾಯಿಸಬೇಕಾಗಿದೆ. ಬೇರೆ ಯಾವುದೋ ಗಣಕದ ವಿದ್ಯುತ್ ತಂತಿ ಕಿತ್ತು ಆಮೇಲೆ ಪೇಚಾಡುವುದಕ್ಕಿಂತ, ಬೇಕಾದ ಗಣಕವೇ ಒಮ್ಮೆ ಬೀಪ್ ಎಂದು ಕೂಗಿ ತನ್ನನ್ನು ತೋರಿಸಿಕೊಂಡರೆ ಒಳ್ಳೆಯದಲ್ಲವೇ ಎಂಬುದು ನನ್ನ ಆಲೋಚನೆ.

ಆ ಗಣಕಕ್ಕೆ ಲಾಗಿನ್ ಆಗಿ ಪ್ರಿಂಟ್‌ಎಫ್ '\ಎ' ಎಂಬ ಆಜ್ಞೆ ಕೊಟ್ಟರೆ ಶಬ್ದವೇನೋ ಬರುತ್ತದೆ, ಆದರೆ ನನ್ನ ಮುಂದಿರುವ ಲ್ಯಾಪ್‌ಟಾಪ್‌ನಲ್ಲಿ. ಹಾಗಾದರೆ ಅಲ್ಲಿಯ ಕನ್ಸೋಲ್‌ಗೆ ಕಳುಹಿಸೋಣವೆಂದು ಸುಡೋ ಪ್ರಿಂಟ್‌ಎಫ್ '\ಎ' > /ಡೆವ್/ಕನ್ಸೋಲ್ ಎಂದು ಕೊಟ್ಟರೆ, ಆಡಳಿತಗಾರರ (ರೂಟ್) ಹಕ್ಕಿನಲ್ಲಿ ಆಜ್ಞೆ ನಡೆಸುವ ಸುಡೋ ಇದ್ದರೂ ಅನುಮತಿ ಇಲ್ಲವೆಂಬ ಸಂದೇಶ ಬರುತ್ತದೆ. ಶಬ್ದ ಇಲ್ಲಿಯೇ ಏಕೆ ಬರುತ್ತದೆ, ಸುಡೋ ಏಕೆ ನಿಷ್ಫಲವಾಗುತ್ತದೆ, ಸರಿಯಾದ ದಾರಿ ಯಾವುದು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ನೀವು ಕಳುಹಿಸುತ್ತಿರುವುದು ಶಬ್ದವನ್ನಲ್ಲ, ಒಂದು ಬೈಟನ್ನು. ಆಸ್ಕಿ ಪಟ್ಟಿಯಲ್ಲಿ 7ನೆಯ ಸಂಖ್ಯೆಯ ಈ ಚಿಹ್ನೆಗೆ ಬೆಲ್ ಎಂದು ಹೆಸರು. 1963ರ ಮೊದಲ ಆಸ್ಕಿ ಪಟ್ಟಿಯಿಂದಲೂ ಅದು ಅದೇ ಸ್ಥಾನದಲ್ಲಿದೆ, ಮತ್ತು ಟೆಲಿಪ್ರಿಂಟರ್‌ಗಳ ಕಾಲದಲ್ಲಿ ಅದನ್ನು ಸ್ವೀಕರಿಸಿದ ಯಂತ್ರದೊಳಗೆ ನಿಜವಾದ ಲೋಹದ ಗಂಟೆಯೇ ಬಾರಿಸುತ್ತಿತ್ತು. ಪತ್ರದಲ್ಲಿ ‘ಗಂಟೆ ಬಾರಿಸಿ’ ಎಂದು ಬರೆದರೆ ಬಾರಿಸುವವರು ಪತ್ರವನ್ನು ಓದಿದವರೇ ಹೊರತು ಬರೆದವರಲ್ಲ; ಬೆಲ್ ಚಿಹ್ನೆಯ ವಿಷಯವೂ ಹಾಗೆಯೇ. ದೂರದ ಗಣಕದಲ್ಲಿ ಪ್ರಿಂಟ್‌ಎಫ್ ಬರೆದ ಬೈಟು ಅಲ್ಲಿಯ ಹುಸಿ ಟರ್ಮಿನಲ್ ಸಾಧನಕ್ಕೆ ಹೋಗಿ, ಅಲ್ಲಿಂದ ಎಸ್‌ಎಸ್‌ಎಚ್ ಸೇವೆಯ ಕೈಸೇರಿ, ಗೂಢಲಿಪಿಯಲ್ಲಿ ಜಾಲವನ್ನು ದಾಟಿ, ಕೊನೆಗೆ ನಿಮ್ಮ ಲ್ಯಾಪ್‌ಟಾಪ್‌ನ ಟರ್ಮಿನಲ್ ತಂತ್ರಾಂಶವನ್ನು ತಲುಪುತ್ತದೆ. ಆ ಬೈಟಿಗೆ ಅರ್ಥ ಸಿಗುವುದು ಅಲ್ಲಿ ಮಾತ್ರ. ನಡುವೆ ಇರುವ ಯಾರೂ ಅದನ್ನು ಗಂಟೆಯೆಂದು ಗುರುತಿಸುವುದಿಲ್ಲ.

ಆದ್ದರಿಂದ ದೂರದ ಗಣಕವೇ ಕೂಗಬೇಕಾದರೆ, ಆ ಬೈಟನ್ನು ಅಲ್ಲಿಯೇ ಓದುವ ಒಂದು ಟರ್ಮಿನಲ್‌ಗೆ ಒಪ್ಪಿಸಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ನಡೆಸುವ ಟಿಟಿವೈ1, ಟಿಟಿವೈ2 ಮುಂತಾದ ವರ್ಚುವಲ್ ಕನ್ಸೋಲ್‌ಗಳು ಇದಕ್ಕೆ ತಕ್ಕವು. ಅವುಗಳಿಗೆ ಬೆಲ್ ಬಂದೊಡನೆ ಕರ್ನಲ್ ಆ ಗಣಕದ ಪಿಸಿ ಸ್ಪೀಕರ್ ಅನ್ನು, ಅಂದರೆ ಬೀಪ್‌ಗೆಂದೇ ಒಳಗಿರುವ ಪುಟ್ಟ ಸ್ಪೀಕರ್ ಅನ್ನು, ನುಡಿಸುತ್ತದೆ. ಮಾನಿಟರ್ ಜೋಡಿಸಿದ್ದಾರೆಯೇ, ಆ ಕನ್ಸೋಲ್ ಈಗ ಪರದೆಯ ಮೇಲಿದೆಯೇ ಎಂಬುದನ್ನು ಅದು ನೋಡುವುದಿಲ್ಲ.

ಇನ್ನು ಸುಡೋ ವಿಷಯ. ‘>’ ಗುರುತನ್ನು ನೋಡಿ ಆ ಸಾಧನವನ್ನು ತೆರೆಯುವುದು ಪ್ರಿಂಟ್‌ಎಫ್ ಅಲ್ಲ, ಸುಡೋ ಕೂಡ ಅಲ್ಲ. ನೀವು ಕೊಟ್ಟ ಆಜ್ಞೆಗಳನ್ನು ಓದಿ ನಡೆಸುವ ಶೆಲ್. ಅದು ನಡೆಯುತ್ತಿರುವುದು ಸಾಮಾನ್ಯ ಬಳಕೆದಾರರ ಹಕ್ಕಿನಲ್ಲಿ. ಸುಡೋ ಶುರುವಾಗುವ ಮೊದಲೇ ಶೆಲ್ ಸಾಧನವನ್ನು ತೆರೆಯಲು ಹೋಗಿ ಸೋಲುತ್ತದೆ. ಬರೆಯುವ ಕೆಲಸವನ್ನೇ ರೂಟ್ ಹಕ್ಕಿನ ಕಾರ್ಯಕ್ರಮವೊಂದಕ್ಕೆ ವಹಿಸಿದರೆ ಸಮಸ್ಯೆ ಮುಗಿಯುತ್ತದೆ:

ಪ್ರಿಂಟ್‌ಎಫ್ '\ಎ' | ಸುಡೋ ಟೀ /ಡೆವ್/ಟಿಟಿವೈ1 > /ಡೆವ್/ನಲ್

ಬಂದದ್ದನ್ನೆಲ್ಲ ನುಂಗಿಬಿಡುವ /ಡೆವ್/ನಲ್ ಇರುವ ಕೊನೆಯ ಭಾಗವನ್ನು ಬಿಡಬೇಡಿ. ಟೀ ತನಗೆ ಬಂದದ್ದನ್ನು ಸಾಧನಕ್ಕೆ ಬರೆಯುವುದರ ಜೊತೆಗೆ ನಿಮ್ಮ ಟರ್ಮಿನಲ್‌ಗೂ ಮರಳಿಸುತ್ತದೆ. ಆ ಭಾಗ ಇಲ್ಲದಿದ್ದರೆ ಎರಡೂ ಕಡೆ ಗಂಟೆ ಬಾರಿಸಿ, ಕೇಳಿಸಿದ್ದು ಯಾವ ಕಡೆಯದೆಂಬ ಗೊಂದಲ ಹಾಗೆಯೇ ಉಳಿಯುತ್ತದೆ.

/ಡೆವ್/ಕನ್ಸೋಲ್ ಬದಲು ಟಿಟಿವೈ1 ಎಂದು ಬರೆದಿರುವುದಕ್ಕೂ ಕಾರಣವಿದೆ. ಮಾನಿಟರ್ ಇಲ್ಲದ ಗಣಕಗಳಲ್ಲಿ ಕರ್ನಲ್‌ನ ಆರಂಭಿಕ ಸಾಲಿನಲ್ಲಿ ಕನ್ಸೋಲ್ ಅನ್ನು ಸೀರಿಯಲ್ ಪೋರ್ಟ್‌ಗೆ ತಿರುಗಿಸಿರುವುದು ಸಾಮಾನ್ಯ. ಹಾಗೆ ತಿರುಗಿಸಿದ್ದರೆ ನಿಮ್ಮ ಬೆಲ್ ಸೀರಿಯಲ್ ತಂತಿಯ ಮೂಲಕ ಹೊರಟು, ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಸದ್ದಿಲ್ಲದೆ ಕಳೆದುಹೋಗುತ್ತದೆ.

ಇಷ್ಟಾದರೂ ಶಬ್ದ ಬರದಿದ್ದರೆ ಪಿಸಿ ಸ್ಪೀಕರ್ ಅನ್ನು ನಡೆಸುವ ಪಿಸಿಎಸ್‌ಪಿಕೆಆರ್ ಎಂಬ ಕರ್ನಲ್ ಮಾಡ್ಯೂಲ್ ಇದೆಯೇ ಎಂದು ಎಲ್‌ಎಸ್‌ಮಾಡ್ ಆಜ್ಞೆಯಿಂದ ನೋಡಿ. ಬೀಪ್ ಶಬ್ದ ಬಹಳ ಜನರಿಗೆ ಕಿರಿಕಿರಿಯಾದ್ದರಿಂದ ಉಬುಂಟು ಮುಂತಾದ ಕೆಲವು ವಿತರಣೆಗಳು ಅದನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಿಯೇ ಕೊಡುತ್ತವೆ. ಆ ಪಟ್ಟಿ ತಡೆಯುವುದು ಮಾಡ್ಯೂಲ್ ತಾನಾಗಿ ಲೋಡ್ ಆಗುವುದನ್ನು ಮಾತ್ರ. ಸುಡೋ ಮಾಡ್‌ಪ್ರೋಬ್ ಪಿಸಿಎಸ್‌ಪಿಕೆಆರ್ ಎಂದು ನೀವಾಗಿಯೇ ಕರೆದರೆ ಅದು ಬರುತ್ತದೆ, ಗಣಕವನ್ನು ಮರಳಿ ಆರಂಭಿಸಿದಾಗ ಹೋಗುತ್ತದೆ. ನಿಮ್ಮ ಕೆಲಸಕ್ಕೆ ಅಷ್ಟು ಸಾಕು.

ಉತ್ತರ 2

ಮೇಲಿನ ವಿವರಣೆಗೆ ಒಂದು ಸೇರ್ಪಡೆ. ಕರ್ನಲ್‌ನ ಬೆಲ್ ಮೊದಲಿನಿಂದಲೂ 750 ಹರ್ಟ್ಸ್ ಆವರ್ತನದಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗ, ಅಂದರೆ 125 ಮಿಲಿಸೆಕೆಂಡ್ ಮಾತ್ರ ನುಡಿಯುವಂತೆ ಹೊಂದಿಸಲ್ಪಟ್ಟಿದೆ. ಫ್ಯಾನುಗಳು ಮೊರೆಯುವ ಕೊಠಡಿಯಲ್ಲಿ ಅಷ್ಟು ಚಿಕ್ಕ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು ಕಷ್ಟ. ಸೆಟ್‌ಟರ್ಮ್ ಆಜ್ಞೆಯ ಬಿಫ್ರೆಕ್ ಆಯ್ಕೆಯಿಂದ ಆವರ್ತನವನ್ನೂ ಬಿಲೆಂತ್ ಆಯ್ಕೆಯಿಂದ 2000 ಮಿಲಿಸೆಕೆಂಡ್‌ವರೆಗೆ ಅವಧಿಯನ್ನೂ ಬದಲಿಸಬಹುದು. ಎಸ್‌ಎಸ್‌ಎಚ್ ಒಳಗಿನಿಂದ ಇದನ್ನು ಕೊಡುವಾಗ ಎರಡು ವಿಷಯ ನೆನಪಿರಲಿ: ನಿಮ್ಮ ಟರ್ಮಿನಲ್ ತನ್ನನ್ನು ಎಕ್ಸ್‌ಟರ್ಮ್ ಎಂದು ಹೇಳಿಕೊಳ್ಳುತ್ತಿರುವುದರಿಂದ ಆ ಒಂದು ಆಜ್ಞೆಯ ಮಟ್ಟಿಗೆ ಟರ್ಮಿನಲ್‌ನ ಬಗೆಯನ್ನು ಹೇಳುವ ಟರ್ಮ್ ಚರಾಂಕವನ್ನು ಲಿನಕ್ಸ್ ಎಂದು ಬದಲಿಸಬೇಕು, ಅದರ ಫಲಿತವನ್ನೂ ಬೆಲ್‌ನಂತೆಯೇ ಟೀ ಮೂಲಕ ಟಿಟಿವೈ1ಕ್ಕೆ ಬರೆಯಬೇಕು. ಸೆಟ್‌ಟರ್ಮ್ ಮಾಡುವುದು ಒಂದು ಎಸ್ಕೇಪ್ ಸರಣಿಯನ್ನು (ಟರ್ಮಿನಲ್‌ಗೆ ಸೂಚನೆ ಕೊಡುವ ಚಿಹ್ನೆಗಳ ಸಾಲು) ಮುದ್ರಿಸುವುದಷ್ಟೇ. ಅದು ತಪ್ಪು ಟರ್ಮಿನಲ್‌ಗೆ ಹೋದರೆ ಏನೂ ಆಗುವುದಿಲ್ಲ.

ಇದಕ್ಕಿಂತ ಸರಳವಾದದ್ದು ಬೀಪ್ ಎಂಬ ಹೆಸರಿನದೇ ಪುಟ್ಟ ಕಾರ್ಯಕ್ರಮ. ಡೆಬಿಯನ್ ಭಂಡಾರದಲ್ಲಿ ಸಿಗುತ್ತದೆ. ಎಫ್ ಆಯ್ಕೆಗೆ ಆವರ್ತನ, ಎಲ್ ಆಯ್ಕೆಗೆ ಮಿಲಿಸೆಕೆಂಡ್‌ನಲ್ಲಿ ಅವಧಿ, ಆರ್ ಆಯ್ಕೆಗೆ ಎಷ್ಟು ಸಲ ಎಂಬುದನ್ನು ಕೊಟ್ಟರಾಯಿತು:

ಬೀಪ್ -ಎಫ್ 1000 -ಎಲ್ 400 -ಆರ್ 20

ಪಿಸಿ ಸ್ಪೀಕರ್‌ನ ಹಿಂದಿರುವುದು ಇಂಟೆಲ್ 8253 ಟೈಮರ್ ಚಿಪ್ಪಿನ ಪರಂಪರೆ. ಸೆಕೆಂಡಿಗೆ 11,93,182 ಬಾರಿ ಮಿಡಿಯುವ ಗಡಿಯಾರವನ್ನು ಒಂದು ಪೂರ್ಣಾಂಕದಿಂದ ಭಾಗಿಸಿ ಬೇಕಾದ ಆವರ್ತನವನ್ನು ಪಡೆಯುತ್ತಾರೆ. 1000 ಹರ್ಟ್ಸ್ ಬೇಕೆಂದರೆ ಭಾಜಕ 1193. ಧ್ವನಿಯ ಮಟ್ಟವನ್ನು ಏರಿಸುವ ಇಳಿಸುವ ಏರ್ಪಾಡು ಅದರಲ್ಲಿ ಇಲ್ಲದ ಕಾರಣ, ಜೋರಾಗಿ ಕೇಳಿಸಬೇಕೆಂದರೆ ಆವರ್ತನವನ್ನು ಬದಲಿಸಿ ನೋಡುವುದೊಂದೇ ಉಪಾಯ. ಸಣ್ಣ ಸ್ಪೀಕರ್‌ಗಳು ಕೆಳಗಿನ ಸ್ವರಗಳಿಗಿಂತ ಒಂದೆರಡು ಸಾವಿರ ಹರ್ಟ್ಸ್ ಸುತ್ತಮುತ್ತ ಹೆಚ್ಚು ಚೆನ್ನಾಗಿ ಕೇಳಿಸುತ್ತವೆ.

ಅನುಮತಿಯ ವಿಷಯದಲ್ಲಿ ಎಚ್ಚರಿಕೆಯಿಂದಿರಿ. ಹಳೆಯ ಸಲಹೆಗಳಲ್ಲಿ ಬೀಪ್ ಕಾರ್ಯಕ್ರಮಕ್ಕೆ ಸೆಟ್‌ಯುಐಡಿ ಹಾಕಿ, ಯಾರು ಓಡಿಸಿದರೂ ರೂಟ್ ಹಕ್ಕಿನಲ್ಲಿ ನಡೆಯುವಂತೆ ಮಾಡಿ ಎಂದಿರುತ್ತದೆ. ಬೀಪ್ ಎನ್ನುವ ಕಾರ್ಯಕ್ರಮದಿಂದ ಏನು ತಾನೇ ಆದೀತು ಎನಿಸುವುದು ಸಹಜ. ಆದರೆ 2018ರಲ್ಲಿ ಸಿವಿಇ-2018-0492 ಎಂಬ ಗುರುತಿನಲ್ಲಿ ಪ್ರಕಟವಾದ ದೋಷ ಇಲ್ಲಿಯೇ ಇದ್ದದ್ದು: ಸೆಟ್‌ಯುಐಡಿ ಇದ್ದ ಬೀಪ್ ಮೂಲಕ ಸ್ಥಳೀಯ ಬಳಕೆದಾರರು ರೂಟ್ ಹಕ್ಕು ಪಡೆಯಬಹುದಾಗಿತ್ತು. ಅನಂತರದ ಹೊಸ ಆವೃತ್ತಿಗಳು ಸೆಟ್‌ಯುಐಡಿಯಲ್ಲಾಗಲಿ ಸುಡೋ ಮೂಲಕವಾಗಲಿ ಓಡಿಸಿದರೆ ಕೆಲಸ ಮಾಡಲು ನಿರಾಕರಿಸುತ್ತವೆ. ಸ್ಪೀಕರ್‌ನ ಇನ್‌ಪುಟ್ ಸಾಧನವನ್ನು ಸಾಧನಗಳ ಹಕ್ಕುಗಳನ್ನು ನಿರ್ಧರಿಸುವ ಯುಡೆವ್ ನಿಯಮದ ಮೂಲಕ ಒಂದು ಬಳಕೆದಾರ ಗುಂಪಿಗೆ ಒಪ್ಪಿಸಿ, ನಿಮ್ಮ ಖಾತೆಯನ್ನು ಆ ಗುಂಪಿಗೆ ಸೇರಿಸಬೇಕಾಗುತ್ತದೆ. ಒಂದೇ ಸಲದ ಕೆಲಸಕ್ಕೆ ಇಷ್ಟೆಲ್ಲ ಬೇಡವೆನಿಸಿದರೆ ಟೀ ಬಳಸುವ ಮೇಲಿನ ವಿಧಾನವೇ ಸಾಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟಿಟಿವೈ1ಕ್ಕೆ ಬರೆಯುವ ವಿಧಾನದಿಂದ ಹೆಚ್ಚಿನ ಗಣಕಗಳು ಕೂಗಿದವು, ಅವಕ್ಕೆಲ್ಲ ಹೊಸ ಚೀಟಿ ಅಂಟಿಸಿದ್ದೂ ಆಯಿತು. ಆದರೆ ಡಿಸ್ಕ್ ಬದಲಾಯಿಸಬೇಕಾದ ಗಣಕವೂ ಅದರ ಜೊತೆಗೆ ಬಂದ ಇನ್ನು ಕೆಲವೂ ಮೌನವಾಗಿವೆ. ಪಿಸಿಎಸ್‌ಪಿಕೆಆರ್ ಮಾಡ್ಯೂಲ್ ಅವುಗಳಲ್ಲಿಯೂ ಲೋಡ್ ಆಗಿದೆ, ಯಾವ ದೋಷ ಸಂದೇಶವೂ ಇಲ್ಲ. ಅವುಗಳ ಹಿಂಬದಿಯಲ್ಲಿ ಹೆಡ್‌ಫೋನ್ ರಂಧ್ರಗಳಿವೆ, ಆದ್ದರಿಂದ ಧ್ವನಿ ವ್ಯವಸ್ಥೆ ಇರಬೇಕು. ಅದನ್ನಾದರೂ ಬಳಸಬಹುದೇ?

ಉತ್ತರ 3

ಮಾಡ್ಯೂಲ್ ಲೋಡ್ ಆಗಿದೆ ಎಂದರೆ ಟೈಮರ್ ಚಿಪ್ಪನ್ನು ನಡೆಸುವ ಚಾಲಕ ಇದೆ ಎಂದಷ್ಟೇ ಅರ್ಥ. ಆ ಚಿಪ್ಪಿನ ತುದಿಯಲ್ಲಿ ಸ್ಪೀಕರ್ ಇದೆಯೇ ಎಂದು ತಿಳಿಯುವ ದಾರಿ ಕರ್ನಲ್‌ಗೆ ಇಲ್ಲ. ಮದರ್‌ಬೋರ್ಡ್‌ನಲ್ಲಿ ಸ್ಪೀಕರ್ ಎಂದು ಗುರುತು ಮಾಡಿದ ಪಿನ್ನುಗಳಿದ್ದು, ಅಲ್ಲಿಗೆ ಪುಟ್ಟ ಸ್ಪೀಕರ್ ಒಂದನ್ನು ಸಿಕ್ಕಿಸಬೇಕಾಗಿರುತ್ತದೆ. ಹೊಸ ಗಣಕಗಳ ತಯಾರಕರು ಬಹುಪಾಲು ಅದನ್ನು ಸಿಕ್ಕಿಸದೆಯೇ ಕಳುಹಿಸುತ್ತಾರೆ. ನಿಮ್ಮ ಮೌನವಾದ ಗಣಕಗಳೆಲ್ಲ ಒಟ್ಟಿಗೆ ಬಂದವು ಎಂಬುದನ್ನು ನೋಡಿದರೆ ಇದೇ ಕಾರಣವಿರಬೇಕು.

ಇನ್ನೊಂದು ಸಾಧ್ಯತೆಯನ್ನೂ ಪರೀಕ್ಷಿಸಬಹುದು. ಕೆಲವು ಗಣಕಗಳಲ್ಲಿ, ಮುಖ್ಯವಾಗಿ ಲ್ಯಾಪ್‌ಟಾಪ್‌ಗಳಲ್ಲಿ, ಬೀಪ್ ಶಬ್ದವನ್ನು ಆಡಿಯೋ ಚಿಪ್ಪಿನ ಮೂಲಕ ಹಾಯಿಸಿರುತ್ತಾರೆ. ಧ್ವನಿಯ ಮಟ್ಟಗಳನ್ನು ಹೊಂದಿಸುವ ಆಲ್ಸಾಮಿಕ್ಸರ್ ತೆರೆದಾಗ ಬೀಪ್ ಎಂಬ ಹೆಸರಿನ ಪಟ್ಟಿ ಕಂಡು, ಅದರ ಕೆಳಗೆ ಎರಡು ಎಂ ಅಕ್ಷರಗಳು ಕಾಣಿಸಿದರೆ ಅದನ್ನು ಮ್ಯೂಟ್ ಮಾಡಲಾಗಿದೆ ಎಂದು ತಿಳಿಯಿರಿ. ಎಂ ಕೀಲಿ ಒತ್ತಿ ಅದನ್ನು ತೆರೆದು, ಮಟ್ಟವನ್ನು ಏರಿಸಿ, ಮತ್ತೊಮ್ಮೆ ಪ್ರಯತ್ನಿಸಿ.

ಹೆಡ್‌ಫೋನ್ ರಂಧ್ರಕ್ಕೆ ಸ್ಪೀಕರ್ ಒಂದನ್ನು ಸಿಕ್ಕಿಸಿ ಧ್ವನಿ ಹೊರಡಿಸಬಹುದು. ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾದ ಉಪಕರಣಗಳ ಜೊತೆ ಬರುವ ಸ್ಪೀಕರ್-ಟೆಸ್ಟ್ ಆಜ್ಞೆಗೆ ಟಿ ಆಯ್ಕೆಯಲ್ಲಿ ಸೈನ್ ಎಂದೂ ಎಫ್ ಆಯ್ಕೆಯಲ್ಲಿ ಆವರ್ತನವನ್ನೂ ಕೊಟ್ಟರೆ ಶುದ್ಧ ಸ್ವರವೊಂದು ಕೇಳಿಸುತ್ತದೆ. ಆದರೆ ದೂರದಿಂದ ಬಂದವರಿಗೆ ಇಲ್ಲಿಯೂ ಒಂದು ತಡೆ ಇದೆ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ಗಣಕಗಳಲ್ಲಿ, ಲಾಗಿನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿ ಸೇವೆಯು ಧ್ವನಿ ಸಾಧನದ ಹಕ್ಕನ್ನು ಗಣಕದ ಮುಂದೆಯೇ ಕುಳಿತು ಲಾಗಿನ್ ಆದವರಿಗೆ ಕೊಡುತ್ತದೆ. ಎಸ್‌ಎಸ್‌ಎಚ್ ಮೂಲಕ ಬಂದವರನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ದೂರದಲ್ಲಿರುವ ಯಾರೋ ಮೈಕ್ರೋಫೋನ್ ತೆರೆದು ಕೇಳಿಸಿಕೊಳ್ಳಬಾರದೆಂಬ ದೃಷ್ಟಿಯಿಂದ ನೋಡಿದರೆ ಈ ಏರ್ಪಾಡು ಸರಿಯಾಗಿಯೇ ಇದೆ. ನಿಮ್ಮ ಖಾತೆಯನ್ನು ಆಡಿಯೋ ಗುಂಪಿಗೆ ಸೇರಿಸಿ ಮತ್ತೆ ಲಾಗಿನ್ ಆಗುವುದು, ಇಲ್ಲವೇ ಸುಡೋ ಬಳಸುವುದು ಪರಿಹಾರ.

ಗ್ರಾಫಿಕ್ಸ್ ಪೋರ್ಟ್‌ನ ಎಚ್‌ಡಿಎಂಐ ಕೂಡ ಒಂದು ಧ್ವನಿ ಸಾಧನವೇ. ಕೆಲವೊಮ್ಮೆ ಅದೇ ಮೊದಲ ಸ್ಥಾನದಲ್ಲಿದ್ದು, ಸ್ವರವೆಲ್ಲ ಜೋಡಿಸದ ಮಾನಿಟರ್‌ನತ್ತ ಹರಿದುಹೋಗುತ್ತದೆ. ಎಪ್ಲೇ ಆಜ್ಞೆಯ ದೊಡ್ಡ ಅಕ್ಷರದ ಎಲ್ ಆಯ್ಕೆ ಪಿಸಿಎಂ (ಧ್ವನಿ ನುಡಿಸುವ) ಸಾಧನಗಳ ಪಟ್ಟಿಯನ್ನು ಕೊಡುತ್ತದೆ; ಅದರಲ್ಲಿ ಸರಿಯಾದುದನ್ನು ಆರಿಸಿ, ಸ್ಪೀಕರ್-ಟೆಸ್ಟ್‌ನ ಡಿ ಆಯ್ಕೆಯಲ್ಲಿ ಹೆಸರಿಸಿ.

ಉತ್ತರ 4

ಪ್ರಶ್ನೆ ಬೀಪ್ ಬಗ್ಗೆ ಇದ್ದರೂ ಉದ್ದೇಶ ಗಣಕವನ್ನು ಪತ್ತೆಹಚ್ಚುವುದಾದ್ದರಿಂದ ಈ ಮಾತು ಹೇಳುತ್ತಿದ್ದೇನೆ: ಸ್ಪೀಕರ್ ಇಲ್ಲದ ಗಣಕವನ್ನು ಕೂಗಿಸಲು ಹೆಣಗುವುದಕ್ಕಿಂತ ಅದರ ದೀಪವನ್ನು ಮಿನುಗಿಸುವುದು ಸುಲಭ. ಎಸ್‌ಎಸ್‌ಎಚ್ ನಡೆಯುತ್ತಿದೆಯೆಂದ ಮೇಲೆ ಆ ಗಣಕದಲ್ಲಿ ನೆಟ್‌ವರ್ಕ್ ಕಾರ್ಡ್ ಇದ್ದೇ ಇರುತ್ತದೆ, ತಂತಿ ಸಿಕ್ಕಿಸುವ ಜಾಗದಲ್ಲಿ ಪುಟ್ಟ ದೀಪಗಳೂ ಇರುತ್ತವೆ.

ಸುಡೋ ಈಥ್‌ಟೂಲ್ -ಪಿ ಇಎನ್‌ಪಿ3ಎಸ್0 60

ಇದರಿಂದ ಆ ಹೆಸರಿನ ಪೋರ್ಟ್‌ನ ದೀಪ 60 ಸೆಕೆಂಡ್‌ಗಳ ಕಾಲ ಮಿನುಗುತ್ತದೆ. ಸಂಖ್ಯೆ ಕೊಡದಿದ್ದರೆ ನೀವು ನಿಲ್ಲಿಸುವವರೆಗೂ ಮಿನುಗುತ್ತಲೇ ಇರುತ್ತದೆ. ಪೋರ್ಟ್‌ನ ಹೆಸರನ್ನು ‘ಐಪಿ ಲಿಂಕ್’ ಆಜ್ಞೆಯಿಂದ ತಿಳಿದುಕೊಳ್ಳಿ. ಕಾರ್ಡಿನ ಚಾಲಕ ತಂತ್ರಾಂಶ ಇದಕ್ಕೆ ಬೆಂಬಲ ಕೊಡಬೇಕು. ಕೊಡದಿದ್ದರೆ ದೋಷ ಸಂದೇಶ ಬರುತ್ತದೆ, ಹಾನಿಯೇನಿಲ್ಲ.

ಸರ್ವರ್ ದರ್ಜೆಯ ಗಣಕಗಳಾಗಿದ್ದು ಐಪಿಎಂಐ (ದೂರದಿಂದ ಯಂತ್ರವನ್ನು ನಿರ್ವಹಿಸುವ ವ್ಯವಸ್ಥೆ) ಇದ್ದರೆ, ‘ಐಪಿಎಂಐಟೂಲ್ ಚಾಸಿಸ್ ಐಡೆಂಟಿಫೈ’ ಎಂಬ ಆಜ್ಞೆ ಪೆಟ್ಟಿಗೆಯ ಮುಂಭಾಗದ ಗುರುತಿನ ದೀಪವನ್ನು 15 ಸೆಕೆಂಡ್ ಬೆಳಗಿಸುತ್ತದೆ. ಈ ದೀಪವನ್ನು ಇಟ್ಟಿರುವುದೇ ನಿಮ್ಮಂಥ ಸಂದರ್ಭಕ್ಕಾಗಿ.

ಎರಡೂ ಆಗದಿದ್ದರೆ, ಡಿಡಿ ಆಜ್ಞೆಯಿಂದ ಡಿಸ್ಕ್ ಅನ್ನು ಸುಮ್ಮನೆ ಓದಿ /ಡೆವ್/ನಲ್‌ಗೆ ಸುರಿಯುತ್ತಿರಿ. ಪೆಟ್ಟಿಗೆಯ ಮುಂಭಾಗದ ಡಿಸ್ಕ್ ದೀಪ ಬಿಡದೆ ಹೊತ್ತಿಕೊಂಡಿರುತ್ತದೆ. ಡಿಡಿ ಆಜ್ಞೆಯಲ್ಲಿ ಓದುವ ಕಡೆಯನ್ನು ಹೇಳುವ ಐಎಫ್ ಮತ್ತು ಬರೆಯುವ ಕಡೆಯನ್ನು ಹೇಳುವ ಓಎಫ್ ಎಂಬೆರಡು ಪದಗಳಲ್ಲಿ ತಪ್ಪಿದರೆ ಡಿಸ್ಕ್ ಅಳಿಸಿಹೋಗುವ ಅಪಾಯವಿರುವುದರಿಂದ ಎಂಟರ್ ಒತ್ತುವ ಮುನ್ನ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿ. ನಿಮ್ಮ ಡಿಸ್ಕ್ ಈಗಾಗಲೇ ಕೆಡುತ್ತಿದ್ದರೆ ಈ ವಿಧಾನ ಬೇಡವೇ ಬೇಡ. ಅದಕ್ಕೆ ಅನಗತ್ಯವಾಗಿ ಶ್ರಮ ಕೊಟ್ಟಂತಾಗುತ್ತದೆ.

ಯಾವ ದಾರಿ ಹಿಡಿದರೂ, ಡಿಸ್ಕ್ ತೆಗೆಯುವ ಮೊದಲು ‘ಸ್ಮಾರ್ಟ್‌ಸಿಟಿಎಲ್ -ಐ’ ತೋರಿಸುವ ಸರಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡು ಡಿಸ್ಕ್‌ನ ಮೇಲಿನ ಚೀಟಿಯೊಂದಿಗೆ ತಾಳೆ ನೋಡಿ. ಪೆಟ್ಟಿಗೆ ಸರಿಯಾಗಿದ್ದು ಒಳಗಿನ ಡಿಸ್ಕ್ ತಪ್ಪಾದರೂ ನಷ್ಟ ಅಷ್ಟೇ.

ಇನ್ನೊಬ್ಬ ಓದುಗರು

ನನ್ನದು ಇದಕ್ಕೆ ತಿರುಗುಮುರುಗಾದ ಅಗತ್ಯ. ದೂರದ ಗಣಕದಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸ ಮುಗಿದಾಗ ನನ್ನ ಮುಂದಿನ ಗಣಕವೇ ಕೂಗಬೇಕು. ಕೆಲವೊಮ್ಮೆ ಕೂಗುತ್ತದೆ, ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕೆಲಸ ನಡೆಸುವ ತಂತ್ರಾಂಶ) ಒಳಗಿದ್ದಾಗ ಕೂಗುವುದಿಲ್ಲ. ಏಕಿರಬಹುದು?

ಉತ್ತರ 1 ಬರೆದವರು

ನಿಮ್ಮ ಬೈಟು ದಾಟಬೇಕಾದ ದಾರಿಯಲ್ಲಿ ಟಿಮಕ್ಸ್ ಇನ್ನೊಂದು ಟರ್ಮಿನಲ್ ಆಗಿ ನಿಂತಿದೆ. ಬೆಲ್ ಅನ್ನು ಮೊದಲು ಓದುವುದು ಅದು. ಹೊರಗೆ ಕಳುಹಿಸಬೇಕೇ ಎಂದು ತೀರ್ಮಾನಿಸುವುದೂ ಅದೇ. ಬೆಲ್-ಆ್ಯಕ್ಷನ್ ಎಂಬ ಆಯ್ಕೆ ಎನಿ ಎಂದಿರಬೇಕು, ವಿಷುವಲ್-ಬೆಲ್ ಎಂಬುದು ಆಫ್ ಎಂದಿರಬೇಕು. ಎರಡನೆಯದು ಆನ್ ಆಗಿದ್ದರೆ ಶಬ್ದದ ಬದಲು ಕೆಳಗಿನ ಸಾಲಿನಲ್ಲಿ ಒಂದು ಸಂದೇಶ ಮಾತ್ರ ಕಾಣಿಸುತ್ತದೆ. ಟಿಮಕ್ಸ್‌ನಂಥದೇ ಸ್ಕ್ರೀನ್ ಎಂಬ ತಂತ್ರಾಂಶವನ್ನು ಬಳಸುವವರು ವಿಬೆಲ್ ಆಯ್ಕೆಯನ್ನು ನೋಡಿಕೊಳ್ಳಬೇಕು.

ಆಮೇಲೆ ನಿಮ್ಮ ಟರ್ಮಿನಲ್ ತಂತ್ರಾಂಶದ ಸರದಿ. ಪುಟ್ಟಿ ಎಂಬ ಟರ್ಮಿನಲ್ ತಂತ್ರಾಂಶದಲ್ಲಿ ಬೆಲ್‌ಗಾಗಿಯೇ ಒಂದು ಪುಟವಿದೆ: ಶಬ್ದ, ಪರದೆಯ ಮಿನುಗು, ನಿಮ್ಮದೇ ಧ್ವನಿ ಕಡತ, ಏನೂ ಬೇಡ ಎಂಬ ಆಯ್ಕೆಗಳೆಲ್ಲ ಅಲ್ಲಿವೆ. ಅದರಲ್ಲಿ ಬೆಲ್‌ಗಳ ಸುರಿಮಳೆಯನ್ನು ತಡೆಯುವ ವ್ಯವಸ್ಥೆಯೂ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಎರಡು ಸೆಕೆಂಡ್‌ಗಳಲ್ಲಿ ಐದಕ್ಕಿಂತ ಹೆಚ್ಚು ಬೆಲ್ ಬಂದರೆ ಅದು ಮೌನ ವಹಿಸಿ, ಐದು ಸೆಕೆಂಡ್ ಯಾವ ಬೆಲ್ಲೂ ಬರದಿದ್ದಾಗ ಮತ್ತೆ ಬಾಯಿ ತೆರೆಯುತ್ತದೆ. ಆಕಸ್ಮಿಕವಾಗಿ ಬೈನರಿ ಕಡತವನ್ನು ಪರದೆಗೆ ಸುರಿದವರಿಗೆ ಇದರ ಬೆಲೆ ಗೊತ್ತಿರುತ್ತದೆ.

ಕೆಲಸದ ಆಜ್ಞೆಯನ್ನೂ ಪ್ರಿಂಟ್‌ಎಫ್ ಅನ್ನೂ ಅರ್ಧವಿರಾಮ ಚಿಹ್ನೆಯಿಂದ ಜೋಡಿಸಿ. ‘&&’ ಬಳಸಿದರೆ ಕೆಲಸ ಯಶಸ್ವಿಯಾದಾಗ ಮಾತ್ರ ಗಂಟೆ ಬಾರಿಸುತ್ತದೆ, ಆದರೆ ತುರ್ತಾಗಿ ತಿಳಿಯಬೇಕಾದದ್ದು ಕೆಲಸ ನಡುವೆ ನಿಂತಾಗಲೇ. ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಶುರುಮಾಡುವ ಕ್ರಾನ್ ಮೂಲಕ ನಡೆಯುವ ಕೆಲಸಕ್ಕೆ ಟರ್ಮಿನಲ್ಲೇ ಇಲ್ಲದ್ದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಉತ್ತರ 5

ಬೇರೆ ವ್ಯವಸ್ಥೆಗಳನ್ನು ಬಳಸುವವರೂ ಇಲ್ಲಿಗೆ ಬರುವ ಸಂಭವವಿರುವುದರಿಂದ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮ್ಯಾಕ್‌ಓಎಸ್‌ನಲ್ಲಿ ಸೇ ಆಜ್ಞೆಗೆ ಒಂದು ವಾಕ್ಯವನ್ನು ಕೊಟ್ಟರೆ ದೂರದ ಗಣಕ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ; ಎಎಫ್‌ಪ್ಲೇ ಆಜ್ಞೆಯಿಂದ ಧ್ವನಿ ಕಡತವನ್ನು ನುಡಿಸಬಹುದು. ಫ್ರೀಬಿಎಸ್‌ಡಿಯಲ್ಲಿ ಸ್ಪೀಕರ್ ಮಾಡ್ಯೂಲ್ ಲೋಡ್ ಮಾಡಿ /ಡೆವ್/ಸ್ಪೀಕರ್ ಸಾಧನಕ್ಕೆ ಸ್ವರಗಳ ಅಕ್ಷರಗಳನ್ನು ಬರೆದರೆ ಸಾಕು, ಅದು ರಾಗವಾಗಿಯೇ ನುಡಿಯುತ್ತದೆ. ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಅತ್ಯಂತ ಅಚ್ಚುಕಟ್ಟಾದ ವ್ಯವಸ್ಥೆ ಇದೇ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನಿಂದ ಕನ್ಸೋಲ್ ವರ್ಗದ ಬೀಪ್ ವಿಧಾನವನ್ನು ಕರೆಯಬಹುದು, ಆದರೆ ವಿಂಡೋಸ್ 7ರಿಂದೀಚೆಗೆ ಆ ಶಬ್ದ ಪಿಸಿ ಸ್ಪೀಕರ್‌ಗೆ ಹೋಗದೆ ಆಯಾ ಸೆಷನ್‌ನ ಧ್ವನಿ ಸಾಧನಕ್ಕೆ ಹೋಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಹೋದವರಿಗೆ ಅದು ತಮ್ಮ ಮುಂದಿನ ಗಣಕದಲ್ಲೇ ಕೇಳಿಸುತ್ತದೆ, ಅಂದರೆ ಮೂಲ ಪ್ರಶ್ನೆಯ ಸಮಸ್ಯೆ ಅಲ್ಲಿಯೂ ತಪ್ಪಿದ್ದಲ್ಲ. ವರ್ಚುವಲ್ ಯಂತ್ರದೊಳಗೆ ಇದ್ದರೆ ಕೂಗುವುದು ಅನುಕರಿಸಿದ ಸ್ಪೀಕರ್ ಆದ್ದರಿಂದ ಕೊಠಡಿಯಲ್ಲಿ ಏನಾದರೂ ಕೇಳಿಸುತ್ತದೆಂಬ ಭರವಸೆ ಬೇಡ.

ಪ್ರಶ್ನೆ ಕೇಳಿದವರು

ಈಥ್‌ಟೂಲ್‌ನಿಂದ ಗಣಕ ಸಿಕ್ಕಿತು, ಡಿಸ್ಕ್‌ನ ಸರಣಿ ಸಂಖ್ಯೆಯೂ ತಾಳೆಯಾಯಿತು. ಕೊನೆಯದಾಗಿ ಒಂದು ಸಂಶಯ: ಬೀಪ್ ಕಾರ್ಯಕ್ರಮದಿಂದ ದೀರ್ಘವಾದ ಸ್ವರವೊಂದನ್ನು ಕಳುಹಿಸಿದ್ದಾಗ ನಡುವೆ ಸಂಪರ್ಕ ಕಡಿದುಹೋದರೆ ಆ ಗಣಕ ಕೂಗುತ್ತಲೇ ಇರುವುದೇ?

ಉತ್ತರ 2 ಬರೆದವರು

ಹಾಗಾಗುವ ಸಾಧ್ಯತೆ ಇದೆ. ಕನ್ಸೋಲ್‌ನ ಬೆಲ್ ಆದರೆ ಅವಧಿಯನ್ನು ಕರ್ನಲ್ಲೇ ಎಣಿಸಿ ನಿಲ್ಲಿಸುತ್ತದೆ. ಬೀಪ್ ಕಾರ್ಯಕ್ರಮ ಸ್ವರವನ್ನು ಶುರುಮಾಡಿ, ಕಾದು, ಆಮೇಲೆ ತಾನೇ ನಿಲ್ಲಿಸುತ್ತದೆ. ಬಲವಂತವಾಗಿ ನಿಲ್ಲಿಸುವ ಕಿಲ್ -9 ಆಜ್ಞೆ ಕೊಟ್ಟೋ ಬೇರೆ ಕಾರಣದಿಂದಲೋ ಅದು ನಡುವೆಯೇ ಸತ್ತರೆ ನಿಲ್ಲಿಸುವವರು ಯಾರೂ ಉಳಿಯುವುದಿಲ್ಲ. ಮತ್ತೆ ಲಾಗಿನ್ ಆಗಿ ಚಿಕ್ಕದೊಂದು ಬೀಪ್ ಕಳುಹಿಸಿದರೆ, ಅದು ಮುಗಿಯುವಾಗ ಹಳೆಯ ಸ್ವರವೂ ನಿಲ್ಲುತ್ತದೆ. ಅದೂ ಆಗದಿದ್ದರೆ ಮಾಡ್‌ಪ್ರೋಬ್‌ನ ಆರ್ ಆಯ್ಕೆಯಿಂದ ಪಿಸಿಎಸ್‌ಪಿಕೆಆರ್ ಮಾಡ್ಯೂಲ್ ಅನ್ನು ತೆಗೆದುಹಾಕಿ. ಹೊರಡುವಾಗ ಅದು ಸ್ಪೀಕರ್ ಅನ್ನು ಆರಿಸಿಯೇ ಹೋಗುತ್ತದೆ.